ಪ್ರಾಚೀನ ರಾಜ್ಯದಲ್ಲಿ ನವೀನ ಯಂತ್ರ

ಇಂದಿನ ಯಂತ್ರವಿದ್ಯೆಯನ್ನು ಬಲ್ಲ ಒಬ್ಬಾತನು ದೈವಯೋಗದಿಂದ ಸಾವಿರ ವರ್ಷಗಳ ಹಿಂದಣ ರಾಜ್ಯವೊಂದಕ್ಕೆ ಹೋಗಿ ಬಿದ್ದು, ಅಲ್ಲಿಯ ಜನರಿಗೆ ರೈಲು, ತಂತಿ, ಬಂದೂಕುಗಳನ್ನು ಮಾಡಿಕೊಟ್ಟು ಮಹಾಪುರುಷನೆನಿಸಿಕೊಳ್ಳುವ ಕಥೆಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಹೇರಳವಾಗಿವೆ. ನಮ್ಮ ಮನೆಗಳ ತರುಣರೂ ಅವನ್ನು ಆಸಕ್ತಿಯಿಂದ ಓದುತ್ತಾರೆ. ಕಥೆಯನ್ನು ಕಥೆಯೆಂದು ಓದುವುದರಲ್ಲಿ ದೋಷವೇನೂ ಇಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ಇದು ಸಂಭವವೇ ಎಂದು ಕೇಳಿಕೊಂಡೆವಾದರೆ, ಯಂತ್ರವೆಂಬುದು ಯಾರ ಕೈಯಲ್ಲಿ ಹುಟ್ಟುತ್ತದೆ ಎಂಬ ಮತ್ತೊಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಈ ಬಗೆಯ ಕಥೆಗಳಲ್ಲಿ ಬಹು ಪ್ರಸಿದ್ಧವಾದುದು ಅಮೆರಿಕದ ಮಾರ್ಕ್ ಟ್ವೇನನು 1889ರಲ್ಲಿ ಪ್ರಕಟಿಸಿದ, ಆರ್ಥರ್ ಅರಸನ ಆಸ್ಥಾನವನ್ನು ಸೇರಿದ ಕನೆಕ್ಟಿಕಟ್ ಸೀಮೆಯ ಯಾಂಕಿಯ ಕಾದಂಬರಿ. ಆಯುಧದ ಕಾರ್ಖಾನೆಯ ಮೇಸ್ತ್ರಿಯೊಬ್ಬನು ತಲೆಗೆ ಪೆಟ್ಟುಬಿದ್ದು ಮೂರ್ಛೆಹೋಗಿ, ಕ್ರಿ. ಶ. 528ರ ಇಂಗ್ಲೆಂಡಿನಲ್ಲಿ ಕಣ್ದೆರೆಯುತ್ತಾನೆ. ಸೂರ್ಯಗ್ರಹಣವಾಗುವ ದಿನ ತನಗೆ ನೆನಪಿದ್ದುದರಿಂದ ಪ್ರಾಣವನ್ನು ಉಳಿಸಿಕೊಂಡು, ಮಂತ್ರಿಪದವಿಗೇರಿ, ಕೆಲವೇ ವರ್ಷಗಳಲ್ಲಿ ಟೆಲಿಫೋನು ರೈಲುಗಳನ್ನು ನಡೆಸುತ್ತಾನೆ. ಟ್ವೇನನು ಸಾಮಾನ್ಯ ಬುದ್ಧಿಯವನಲ್ಲ. ಅವನ ನಾಯಕನು ಅಧಿಕಾರಕ್ಕೆ ಬಂದ ಮೊದಲ ದಿನವೇ ಮಾಡುವ ಕೆಲಸ ಪೇಟೆಂಟು ಕಚೇರಿಯ ಸ್ಥಾಪನೆ, ಆಮೇಲೆ ಪಾಠಶಾಲೆಗಳು. ಯಂತ್ರಕ್ಕಿಂತ ಮೊದಲು ಯಂತ್ರ ಮಾಡುವವರು ಬೇಕೆಂಬುದನ್ನು ಗ್ರಂಥಕರ್ತನು ಚೆನ್ನಾಗಿ ಬಲ್ಲನು. ಆದರೂ ಅಷ್ಟು ತಾಮ್ರದ ತಂತಿಯನ್ನು ಎಳೆದವರಾರು, ರೈಲುಕಂಬಿಯ ಕಬ್ಬಿಣವನ್ನು ಕರಗಿಸಿದ ಕುಲುಮೆ ಎಲ್ಲಿತ್ತು ಎಂಬ ಸ್ಥಳಗಳಲ್ಲಿ ಮಾತ್ರ ಆತನು ಜಾಣತನದಿಂದ ತೆರೆಯೆಳೆದು ಮುಂದಕ್ಕೆ ಹೋಗುತ್ತಾನೆ.

ಆ ತೆರೆಯ ಹಿಂದೆ ಇರುವುದೇನು? ಇದಕ್ಕೆ ಆವಿಯಂತ್ರದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ. ಆವಿಯ ಬಲದಿಂದ ಗೋಳವನ್ನು ತಿರುಗಿಸುವ ಚಮತ್ಕಾರವನ್ನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಅಲೆಗ್ಸಾಂಡ್ರಿಯದ ಹೀರೋ ವರ್ಣಿಸಿದ್ದನು. ಅದು ಚಮತ್ಕಾರವಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ನ್ಯೂಕಮೆನ್ನನ ಯಂತ್ರವು ಗಣಿಯ ನೀರನ್ನು ಎತ್ತತೊಡಗಿದುದು 1712ರಲ್ಲಿ. ಅದರಲ್ಲಿ ಕಲ್ಲಿದ್ದಲು ವೃಥಾ ವ್ಯಯವಾಗುವುದನ್ನು ಕಂಡು, ಆವಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯವನ್ನು ಜೇಮ್ಸ್ ವಾಟನು 1765ರಲ್ಲಿ ಕಂಡುಕೊಂಡು, 1769ರಲ್ಲಿ ಪೇಟೆಂಟನ್ನೂ ಪಡೆದನು. ಅಂದರೆ ತತ್ತ್ವವು ಸಿದ್ಧವಾಗಿತ್ತು, ನಕ್ಷೆ ಸಿದ್ಧವಾಗಿತ್ತು, ಅದನ್ನು ಕಂಡುಹಿಡಿದ ಪ್ರತಿಭಾಶಾಲಿಯೇ ಎದುರಿಗೆ ನಿಂತಿದ್ದನು. ಯಂತ್ರ ಮಾತ್ರ ನಡೆಯಲೊಲ್ಲದು! ಕಾರಣವಿಷ್ಟೆ: ಪಿಸ್ಟನ್ನು ಆಡುವ ಸಿಲಿಂಡರನ್ನು ಸರಿಯಾಗಿ ದುಂಡಗೆ ಮಾಡಬಲ್ಲ ಕೆಲಸಗಾರರೂ ಉಪಕರಣವೂ ಆಗ ದೊರೆಯುತ್ತಿರಲಿಲ್ಲ. ಸಂದುಗಳಲ್ಲಿ ಆವಿ ಸೋರುತ್ತಿತ್ತು. ವಾಟನು ಎಣ್ಣೆಬಟ್ಟೆ, ಕಾಗದ, ಬೆಂಡು ಎಂದು ಕೈಗೆ ಸಿಕ್ಕಿದುದನ್ನೆಲ್ಲ ತುರುಕಿ ನೋಡಿದನು. ಕೊನೆಗೆ ದಾರಿ ಬಂದುದು ಪಂಡಿತನಿಂದಲ್ಲ, ಕಬ್ಬಿಣದ ವ್ಯಾಪಾರಿಯಿಂದ. ಜಾನ್ ವಿಲ್ಕಿನ್ಸನ್ ಎಂಬವನು 1774ರಲ್ಲಿ ಫಿರಂಗಿಗಳನ್ನು ಕೊರೆಯುವ ಹೊಸ ಕ್ರಮಕ್ಕೆ ಪೇಟೆಂಟು ಪಡೆದಿದ್ದನು. ಮರುವರ್ಷ ಅದೇ ಅನುಭವದಿಂದ ಅವನು ಸಿಲಿಂಡರುಗಳನ್ನು ಕೊರೆಯತೊಡಗಿದಾಗ, 50 ಅಂಗುಲದ ಬಾಯಿಯುಳ್ಳ ಒಂದರಲ್ಲಿ ಎಲ್ಲಿ ನೋಡಿದರೂ ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿರಲಿಲ್ಲವೆಂದು ವಾಟನ ಪಾಲುದಾರ ಬೋಲ್ಟನ್ನನು ಸಂತೋಷಪಟ್ಟನು. 1776ರಲ್ಲಿ ಯಂತ್ರಗಳು ನಡೆದುವು.

ಸ್ವತಃ ವಾಟನಿಗೆ, ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ, ಹನ್ನೊಂದು ವರ್ಷ ಹಿಡಿದ ಕಾರ್ಯವಿದು. ಆರನೆಯ ಶತಮಾನದಲ್ಲಿ ಬಿದ್ದ ಮೇಸ್ತ್ರಿಗೆ ಎಷ್ಟು ವರ್ಷ ಬೇಕಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಈ ಕಷ್ಟವನ್ನು ಟ್ವೇನನಿಗಿಂತ ಹೆಚ್ಚಾಗಿ ಮನಗಂಡವನು ಸ್ಪ್ರೇಗ್ ಡಿ ಕ್ಯಾಂಪ್. 1939ರಲ್ಲಿ ಪತ್ರಿಕೆಯೊಂದರಲ್ಲಿ ಬಂದು 1941ರಲ್ಲಿ ಗ್ರಂಥರೂಪವಾದ ಅವನ ಕಥೆಯಲ್ಲಿ, ಪ್ಯಾಡ್ವೇ ಎಂಬ ಪ್ರಾಚೀನವಸ್ತುಶೋಧಕನು 535ರ ರೋಮಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಗಡಿಯಾರ ಕೈಗೂಡುವುದಿಲ್ಲ. ಫಿರಂಗಿಯ ಮದ್ದೂ ಕೈಕೊಡುತ್ತದೆ. ಗೆಲ್ಲುವುದು ಮದ್ಯವನ್ನು ಭಟ್ಟಿಯಿಳಿಸುವುದು, ಜಮಾಖರ್ಚಿನ ಲೆಕ್ಕ ಬರೆಯುವ ಕ್ರಮ, ಅಂಕಿಗಳು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಆ ಅಂಕಿಗಳ ಸ್ಥಾನಮೌಲ್ಯದ ವಿದ್ಯೆ ಆಗಲೇ ಭೂಮಿಯ ಮೇಲಿತ್ತು. 499ರಲ್ಲಿ ಆರ್ಯಭಟನು ಹೇಳಿದ ವರ್ಗಮೂಲದ ವಿಧಾನವು ಅದಿಲ್ಲದೆ ನಿಲ್ಲದು. ಪ್ಯಾಡ್ವೇ ಭವಿಷ್ಯದಿಂದ ಹೊತ್ತು ತಂದ ವಸ್ತು ಭರತಖಂಡದಲ್ಲಿ ಆ ಹೊತ್ತಿಗೆ ಪಾಠವಾಗುತ್ತಿತ್ತು.

ಮುದ್ರಣದ ವಿಷಯವೂ ಹೀಗೆಯೇ. ಪ್ಯಾಡ್ವೇ ಅಚ್ಚುಕೂಟವನ್ನು ಹೂಡಿದೊಡನೆ ಅಚ್ಚುಹಾಕಲು ತಕ್ಕಷ್ಟು ತೊಗಲಿನ ಹಾಳೆಗಳು ಊರಿನಲ್ಲಿ ಇಲ್ಲವೆಂಬುದು ಗೋಚರವಾಗುತ್ತದೆ. ಇದು ಬರಿಯ ಕಲ್ಪನೆಯಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಉಲ್ಮನ್ ಸ್ಟ್ರೋಮರನು ಕಾಗದದ ಕಾರ್ಖಾನೆಯನ್ನು ತೆರೆದುದು 1390ರಲ್ಲಿ. ಗೂಟೆನ್‌ಬರ್ಗನ ಬೈಬಲ್ಲು ಮುಗಿದುದು 1455ರ ಸುಮಾರಿಗೆ. ಅದರ ಸುಮಾರು 180 ಪ್ರತಿಗಳಲ್ಲಿ ಮುಕ್ಕಾಲು ಪಾಲು ಕಾಗದದವು. ಲೋಹದ ಅಕ್ಷರಕ್ಕೆ ಅಕ್ಕಸಾಲೆಯ ಕೈಚಳಕ, ಒತ್ತುವುದಕ್ಕೆ ದ್ರಾಕ್ಷಿಯ ಗಾಣದ ಮಾದರಿ, ಮಸಿಗೆ ಎಣ್ಣೆ, ಇಷ್ಟೂ ಕೂಡಿದ ಮೇಲೆ ಪುಸ್ತಕವಾಯಿತು. ಕನ್ನಡಕವು ಇಟಲಿಯಲ್ಲಿ 1286ರ ವೇಳೆಗೆ ಹುಟ್ಟಿದರೂ, ಎರಡು ಗಾಜುಗಳನ್ನು ಒಂದರ ಮುಂದೊಂದು ಹಿಡಿದ ದುರ್ಬೀನು ಬೆಳಕಿಗೆ ಬಂದುದು 1608ರಲ್ಲಿ.

ಹಾಗೆಂದು ಮಧ್ಯಯುಗವು ನಿದ್ರಿಸುತ್ತಿತ್ತೆಂದು ಭಾವಿಸಲಾಗದು. ಇಂಗ್ಲೆಂಡಿನ 1086ರ ಭೂಮಾಪನದ ದಫ್ತರದಲ್ಲಿ ಐದು ಸಾವಿರಕ್ಕೂ ಮಿಕ್ಕಿ ನೀರುಗಿರಣಿಗಳು ದಾಖಲಾಗಿವೆ. ಆದುದರಿಂದ ಕತ್ತಿ ಗುರಾಣಿಗಳಿಂದ ಒಂದು ಹೆಜ್ಜೆಯೂ ಮುಂದಿಡದೆ ಮೂರು ಸಾವಿರ ವರ್ಷ ನಿಂತಿರುವ ಕಲ್ಪನಾಲೋಕಗಳೇ ನಮಗೆ ಹೆಚ್ಚು ಅಸಂಭವವಾಗಿ ತೋರುತ್ತವೆ. ಟೋಲ್ಕಿನ್ನನ 1937ರ ‘ಹಾಬಿಟ್’ ಕಥೆಯಲ್ಲಿ ನಾಯಕನ ಮನೆಯಲ್ಲಿ ಗಡಿಯಾರವಿದೆ, ಜೇಬಿನಲ್ಲಿ ಬೆಂಕಿಕಡ್ಡಿಯನ್ನು ತಡಕುತ್ತಾನೆ. ಉಜ್ಜಿ ಹೊತ್ತಿಸುವ ಬೆಂಕಿಕಡ್ಡಿಯನ್ನು ಜಾನ್ ವಾಕರನು ಮಾರತೊಡಗಿದುದು 1827ರಲ್ಲಿ! ಆದರೆ ಟೋಲ್ಕಿನ್ನನು ಅದನ್ನು ಚರಿತ್ರೆಯೆಂದು ಹೇಳಲಿಲ್ಲವಷ್ಟೆ.

ಕಥೆಯನ್ನು ಚರಿತ್ರೆಯೆಂದು ಹೇಳುವ ಪ್ರಸಂಗ ನಮ್ಮಲ್ಲಿಯೇ ಇದೆ. ಭರದ್ವಾಜ ಮಹರ್ಷಿಯದೆಂದು ಪ್ರಚಾರವಾದ ‘ವೈಮಾನಿಕ ಶಾಸ್ತ್ರ’ವನ್ನು ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು 1918ರಿಂದ 1923ರ ವರೆಗೆ ಹೇಳಿ ಬರೆಯಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರೀಕ್ಷಿಸಿ, ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತ ನಮ್ಮಂಥವರಿಗೆ ಈ ನಿರ್ಣಯದಿಂದ ಮುಖಭಂಗವಾಗಬೇಕಾದುದಿಲ್ಲ. ಪುಷ್ಪಕವನ್ನು ಹಾಡಿದ ವಾಲ್ಮೀಕಿಯು ಕವಿ. ಅವನು ಯಾರಿಗೂ ನಕ್ಷೆಯನ್ನು ಕೊಡಲು ಹೋಗಲಿಲ್ಲ. ಪೂರ್ವಿಕರ ಯಂತ್ರಕೌಶಲವನ್ನು ನೋಡಬೇಕೆನ್ನುವವರು ದೆಹಲಿಯ ಮೆಹರೌಲಿಯಲ್ಲಿರುವ ಕಬ್ಬಿಣದ ಕಂಬದ ಬಳಿ ಹೋಗಿ ನಿಲ್ಲಲಿ. ಆರು ಟನ್ನಿಗೂ ಮೀರಿದ ತೂಕ. ಕಾಯಿಸಿದ ಕಬ್ಬಿಣದ ಮುದ್ದೆಗಳನ್ನು ಒಂದರ ಮೇಲೊಂದು ಬಡಿದು ಬೆಸೆದ ಕೆಲಸ. ಸುಮಾರು 1600 ವರ್ಷಗಳ ಮಳೆಬಿಸಿಲನ್ನು ತಡೆದಿದೆ. ಅದರ ಮೇಲಣ ಶಾಸನವು ಚಂದ್ರನೆಂಬ ಅರಸನ ಪರಾಕ್ರಮವನ್ನು ಸಂಸ್ಕೃತ ಶ್ಲೋಕಗಳಲ್ಲಿ ಕೊಂಡಾಡುತ್ತದೆ. ಸುತ್ತಿಗೆ ಹಿಡಿದವರ ಹೆಸರು ಅದರಲ್ಲಿ ಇಲ್ಲ.