ಜನನಕಾಲದ ಆಮ್ಲಜನಕ ಕೊರತೆ: ನಡವಳಿಕೆಯಲ್ಲಿ ಉಳಿಯುವ ಪರಿಣಾಮಗಳು

ಹೆರಿಗೆಯ ಆಸುಪಾಸಿನಲ್ಲಿ ಶಿಶುವಿನ ಮಿದುಳಿಗೆ ರಕ್ತ, ಆಮ್ಲಜನಕ ಸಾಲದೆ ಹೋದರೆ ಅದರ ಪೆಟ್ಟು ಮುಂದೆ ಗಮನ, ನೆನಪು, ಕಲಿಕೆ, ಒಡನಾಟಗಳಲ್ಲಿ ಕಾಣಿಸಿಕೊಳ್ಳಬಹುದು. ಮೈಸೂರಿನ ಉದಯಗಿರಿಯಲ್ಲಾಗಲಿ ಬೇರೆ ಬಡಾವಣೆಯಲ್ಲಾಗಲಿ ಮನೆಮಂದಿ ಇದನ್ನು ಹೇಳುವುದು ‘ಮಗು ಹುಟ್ಟಿದ ಕೂಡಲೇ ಅಳಲಿಲ್ಲ’ ಎಂದು. ಹೊಕ್ಕುಳಬಳ್ಳಿ ಒತ್ತಿಕೊಳ್ಳುವುದು, ಮಾಸು ಅವಧಿಗೆ ಮುನ್ನ ಕಳಚುವುದು, ಹೆರಿಗೆ ಬಹಳ ಹೊತ್ತು ಎಳೆಯುವುದು ಕಾರಣಗಳಲ್ಲಿ ಕೆಲವು.

ತಡವಾಗಿ ಅತ್ತ ಮಕ್ಕಳಿಗೆಲ್ಲ ಮಿದುಳಿಗೆ ಪೆಟ್ಟಾಗಿರುತ್ತದೆ ಎಂದಲ್ಲ. ಮಾಸ್ಕ್ ಇಟ್ಟು ನಾಲ್ಕಾರು ಬಾರಿ ಉಸಿರು ಕೊಟ್ಟರೆ ಚೇತರಿಸಿಕೊಳ್ಳುವವರೇ ಹೆಚ್ಚು. ಮುಖ್ಯವಾದದ್ದು ಮುಂದಿನ ಎರಡು ಮೂರು ದಿನ: ಮಗು ಮಂಪರಿನಲ್ಲಿತ್ತೇ, ಮೈ ಸಡಿಲವಾಗಿತ್ತೇ, ಹಾಲು ಚೀಪಿತೇ, ಫಿಟ್ಸ್ ಬಂತೇ? ಹಾರ್ವೆ ಮತ್ತು ಮಾರ್ಗರೆಟ್ ಸಾರ್ನಾಟ್ 1976ರಲ್ಲಿ ಇಂಥ ಲಕ್ಷಣಗಳನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೂರನೆಯ ಹಂತದಲ್ಲಿ ಸಾವು ಅಥವಾ ತೀವ್ರ ಅಂಗವೈಕಲ್ಯದ ಸಂಭವ ಹೆಚ್ಚು. ನಡವಳಿಕೆಯ ಪ್ರಶ್ನೆ ಬಿಗಿಯಾಗುವುದು ಎರಡನೆಯ ಹಂತದಲ್ಲಿ. ನಡೆಯುವ, ಮಾತಾಡುವ, ‘ಗುಣವಾಯಿತು’ ಎನಿಸಿಕೊಂಡ ಮಗು ಶಾಲೆಯಲ್ಲಿ ಹಿಂದೆ ಬೀಳುವುದು ಇಲ್ಲೇ.

ನೆನಪು

1997ರಲ್ಲಿ ಲಂಡನ್ನಿನ ಫರಾನೆ ವರ್ಗಾ-ಖಾದೆಮ್ ಮತ್ತು ಸಂಗಡಿಗರು ಎಳವೆಯಲ್ಲೇ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ಗೆ ಹಾನಿಯಾಗಿದ್ದ ಮೂವರು ಎಳೆಯರ ವರದಿ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೆ ಪೆಟ್ಟು ಬಿದ್ದದ್ದು ಹುಟ್ಟಿನ ಹೊತ್ತಿನಲ್ಲೇ. ಮೂವರೂ ಸಾಮಾನ್ಯ ಶಾಲೆಗೆ ಹೋಗಿದ್ದರು. ಮಾತು, ಓದು, ಸಾಮಾನ್ಯ ಜ್ಞಾನ ಹೆಚ್ಚುಕಡಿಮೆ ವಯಸ್ಸಿಗೆ ತಕ್ಕಷ್ಟಿದ್ದವು. ಆದರೆ ಆ ದಿನ ಏನೇನಾಯಿತು, ವಸ್ತುವನ್ನು ಎಲ್ಲಿಟ್ಟೆ, ಫೋನಿನಲ್ಲಿ ಯಾರು ಏನೆಂದರು, ಟೀವಿಯಲ್ಲಿ ನೋಡಿದ್ದೇನು ಎಂಬುದನ್ನು ಹೇಳಲಾರರು. ಪರಿಚಿತ ಜಾಗದಲ್ಲೂ ದಾರಿ ತಪ್ಪುತ್ತಿದ್ದರು. ಪದಾರ್ಥಗಳ, ಪದಗಳ ಅರಿವು ಒಂದು ಬಗೆಯ ನೆನಪು, ನಡೆದ ಘಟನೆಯ ನೆನಪು ಇನ್ನೊಂದು. ಎರಡನೆಯದು ಕೆಟ್ಟರೂ ಮೊದಲನೆಯದು ಬೆಳೆಯಬಲ್ಲದು ಎಂಬ ಈ ಸೂಚನೆ ನೆನಪಿನ ಅಧ್ಯಯನವನ್ನೇ ಹೊಸ ದಿಕ್ಕಿಗೆ ತಿರುಗಿಸಿತು. ಹಿಪೊಕ್ಯಾಂಪಸ್‌ನ ಕೆಲವು ಕೋಶಗಳು ಆಮ್ಲಜನಕದ ಅಭಾವವನ್ನು ತಾಳಲಾರವು. ಮಿದುಳಿನ ಬೇರೆ ಭಾಗ ಪಾರಾದಾಗಲೂ ಅವು ಸಾಯಬಹುದು. ಇಂಥ ಮಗುವಿಗೆ ‘ಹೇಳಿದ್ದು ತಲೆಗೆ ಹೋಗಲ್ಲ, ಸೋಮಾರಿ’ ಎಂಬ ಬೈಗುಳ ಬೀಳುವುದು ದೊಡ್ಡ ಅನ್ಯಾಯ.

ಗಮನ, ಒಡನಾಟ

ಚಡಪಡಿಕೆ, ಗಮನ ನಿಲ್ಲದಿರುವುದು, ಗೆಳೆಯರೊಡನೆ ಹೊಂದಿಕೊಳ್ಳಲಾಗದಿರುವುದು ಅನುಸರಣಾ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿವೆ. ಆಟಿಸಂ ಜೊತೆಗಿನ ನಂಟನ್ನು ಪಶ್ಚಿಮ ಆಸ್ಟ್ರೇಲಿಯಾದ ಅಧ್ಯಯನವೊಂದು 2006ರಲ್ಲಿ ಗುರುತಿಸಿತು. ಕಾರಣ ಮತ್ತು ಪರಿಣಾಮ ಅದರಿಂದ ಇತ್ಯರ್ಥವಾಗಿಲ್ಲ.

ಈ ಎಚ್ಚರ ಹಳೆಯದು. ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಕಷ್ಟದ ಹೆರಿಗೆಯನ್ನು ಮಗುವಿನ ದೇಹ ಮತ್ತು ಮನಸ್ಸಿನ ಸ್ಥಿತಿಗೆ ಜೋಡಿಸಿದ. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಹೆರಿಗೆ ಕಷ್ಟವಾದದ್ದೇ ಗರ್ಭದಲ್ಲಿ ಮೊದಲೇ ಇದ್ದ ದೋಷದಿಂದ ಇರಬಹುದಲ್ಲವೇ ಎಂದು ಕೇಳಿದ. ತುಂಟತನಕ್ಕೆಲ್ಲ ಹೆರಿಗೆಯನ್ನು ಹೊಣೆ ಮಾಡುವ ಮುನ್ನ ಈ ಪ್ರಶ್ನೆಯನ್ನು ಇಂದಿಗೂ ಕೇಳಬೇಕಾಗುತ್ತದೆ.

ಕರ್ನಾಟಕದಲ್ಲಿ

ಶಿಶುವಿನ ಮೈಯನ್ನು 72 ಗಂಟೆ ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ. ಆದರೆ ಬೆಂಗಳೂರಿನ ಆಸ್ಪತ್ರೆಗಳೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದ ‘ಹೆಲಿಕ್ಸ್’ ಪ್ರಯೋಗದಲ್ಲಿ (2021) ಅದು ಸಾವು ಮತ್ತು ಅಂಗವೈಕಲ್ಯವನ್ನು ತಗ್ಗಿಸಲಿಲ್ಲ. ತಂಪು ಮಾಡಿದ ಗುಂಪಿನಲ್ಲಿ ಸಾವೇ ಹೆಚ್ಚಿತ್ತು.

ಮೈಸೂರಿನಲ್ಲಿ ಮಾತು, ಶ್ರವಣ ಮತ್ತು ಭಾಷೆಯ ತೊಂದರೆಗಳ ತಪಾಸಣೆಗೆ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹುಟ್ಟಿನ ದಾಖಲೆಯ ಬೆಲೆಯೇನು ಎಂಬುದನ್ನು ತೋರಿಸಿದ್ದೂ ಇದೇ ಊರು. ಉದಯಗಿರಿಗೆ ದೂರವಲ್ಲದ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಬರೆದಿಟ್ಟ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳು ದಶಕಗಳ ನಂತರ ಹೃದ್ರೋಗ ಮತ್ತು ಮಧುಮೇಹದ ಸಂಶೋಧನೆಗೆ ಆಧಾರವಾದವು. ಅದು ಉಸಿರುಕಟ್ಟಿದ ಶಿಶುಗಳ ಅಧ್ಯಯನವಲ್ಲ. ಆದರೂ ಶಾಲೆಯಲ್ಲಿ ತಡವರಿಸುವ ಮಗುವನ್ನು ತಜ್ಞರ ಬಳಿ ಕರೆದೊಯ್ಯುವಾಗ ಅಪ್ಗಾರ್ ಅಂಕ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿಗೆ ಕೊಡುವ ಅಂಕ), ಫಿಟ್ಸ್ ಬಂದ ದಿನ, ಉಸಿರು ಕೊಟ್ಟ ಅವಧಿ ನಮೂದಾಗಿರುವ ಡಿಸ್ಚಾರ್ಜ್ ಚೀಟಿ ಕೈಯಲ್ಲಿದ್ದರೆ ಊಹೆಗೆ ಆಸ್ಪದ ಕಡಿಮೆ.