ಫ್ರಾನ್ಸಿನ ಮಕ್ಕಳು ಫ್ರೆಂಚ್ ಕಲಿತ ಬಗೆ

ಹೊರನಾಡಿನ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಆರನೆಯ ತರಗತಿಗೆ ಕಾಲಿಡುವ ಹೊತ್ತಿಗೆ ಒಂದು ಚರ್ಚೆ ತಪ್ಪಿದ್ದಲ್ಲ. ಶಾಲೆಯಲ್ಲಿ ಇನ್ನೊಂದು ಭಾಷೆಯಾಗಿ ಯಾವುದನ್ನು ಆರಿಸಬೇಕು? ಮುಂಬಯಿ, ಪುಣೆ, ದೆಹಲಿಗಳ ಹಲವು ಶಾಲೆಗಳಲ್ಲಿ ಸಂಸ್ಕೃತದ ಪಕ್ಕದಲ್ಲೇ ಫ್ರೆಂಚ್ ಕುಳಿತಿರುತ್ತದೆ. ಅಂಕ ಚೆನ್ನಾಗಿ ಬೀಳುತ್ತವೆ ಎಂಬ ಮಾತೂ ಅದರ ಬೆನ್ನಿಗಿರುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇರುವುದು ಅಪರೂಪ. ಫ್ರೆಂಚ್ ಆರಿಸಿಕೊಂಡ ಮಗು ಕೆಲವೇ ದಿನಗಳಲ್ಲಿ 'ಬೊಂಜೂರ್' ಎನ್ನುತ್ತ ಮನೆಗೆ ಬರುತ್ತದೆ. ಬಣ್ಣಗಳ ಹೆಸರು, ವಾರಗಳ ಹೆಸರು, ಐಫೆಲ್ ಗೋಪುರ, ಜುಲೈ 14ರ ಹಬ್ಬ ಎಲ್ಲವನ್ನೂ ಒಟ್ಟೊಟ್ಟಿಗೆ ಕಲಿಯುತ್ತದೆ. ಭಾಷೆಯೊಡನೆ ನಾಡಿನ ಬದುಕನ್ನೂ ಹೇಳಿಕೊಡುವ ಈ ಕ್ರಮ ಸೊಗಸಾದದ್ದೇ. ಆದರೆ ಇದೇ ಭಾಷೆಯನ್ನು ಫ್ರಾನ್ಸ್ ತನ್ನ ಹಳ್ಳಿಯ ಮಕ್ಕಳಿಗೆ ಹೇಗೆ ಕಲಿಸಿತು ಎಂಬ ಕಥೆ ಅಷ್ಟು ಸೊಗಸಾದುದಲ್ಲ.

ಫ್ರೆಂಚರಿಗೆ ಫ್ರೆಂಚ್ ಕಲಿಸಬೇಕಾಯಿತೆ ಎಂದು ಯಾರಾದರೂ ಹುಬ್ಬೇರಿಸಬಹುದು. ಕಲಿಸಬೇಕಾಯಿತು. ನ್ಯಾಯಾಲಯದ ಕಾಗದಪತ್ರಗಳು ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲೇ ಇರಬೇಕೆಂದು 1539ರಲ್ಲೇ ರಾಜಾಜ್ಞೆಯಾಗಿತ್ತು ನಿಜ; ಆದರೆ ಅದು ಕಚೇರಿಯ ಮಾತು. ಮನೆ, ಹೊಲ, ಸಂತೆಗಳಲ್ಲಿ ಪಶ್ಚಿಮದ ಬ್ರಿಟನಿಯವರು ಬ್ರೆಟನ್ ಆಡುತ್ತಿದ್ದರು, ದಕ್ಷಿಣದವರು ಆಕ್ಸಿಟನ್ನಿನ ಬಗೆಬಗೆಯ ರೂಪಗಳನ್ನು ಆಡುತ್ತಿದ್ದರು. ಗಡಿಗಳಲ್ಲಿ ಬಾಸ್ಕ್, ಕ್ಯಾಟಲನ್, ಜರ್ಮನ್ ಮೂಲದ ನುಡಿಗಳಿದ್ದವು. ಮಹಾಕ್ರಾಂತಿಯ ಕಾಲದಲ್ಲಿ ಗ್ರೆಗ್ವಾರ್ ಎಂಬ ಪಾದ್ರಿ ದೇಶದ ನಾನಾ ಕಡೆಗೆ 43 ಪ್ರಶ್ನೆಗಳನ್ನು ಕಳುಹಿಸಿ ಉತ್ತರ ತರಿಸಿದನು. 1794ರ ಅವನ ವರದಿಯ ಪ್ರಕಾರ 60 ಲಕ್ಷ ಮಂದಿಗೆ ಫ್ರೆಂಚ್ ಬಾರದು. ಇನ್ನೂ ಅಷ್ಟೇ ಜನ ಒಂದು ಸಂಭಾಷಣೆಯನ್ನು ನಡೆಸಲಾರರು. ಶುದ್ಧವಾಗಿ ಆಡುವವರು 30 ಲಕ್ಷಕ್ಕೆ ಮೀರರು. ಇದನ್ನು ಕಂಡು ಆತ ಹೇಳಿದ ಮದ್ದು, ಉಳಿದ ನುಡಿಗಳನ್ನು ಇಲ್ಲವಾಗಿಸುವುದು. ಗುಲಾಮಗಿರಿಯನ್ನು ವಿರೋಧಿಸಿದ ಉದಾರಿ ಆತ. ಭಾಷೆಯ ವಿಷಯದಲ್ಲಿ ಮಾತ್ರ ಆ ಔದಾರ್ಯ ಕಾಣಲಿಲ್ಲ.

ಮದ್ದು ಮನೆಮನೆಗೂ ಮುಟ್ಟಿದ್ದು ಶಾಲೆಯ ಮೂಲಕ. ಮಂತ್ರಿ ಜೂಲ್ ಫೆರಿ 1881ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವನ್ನಾಗಿಯೂ 1882ರಲ್ಲಿ ಆರರಿಂದ ಹದಿಮೂರು ವರ್ಷದ ಮಕ್ಕಳಿಗೆ ಕಡ್ಡಾಯವನ್ನಾಗಿಯೂ ಮಾಡಿದನು. ಬಡವರ ಮಕ್ಕಳಿಗೆ ಅಕ್ಷರ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಪ್ರಾಥಮಿಕ ಪರೀಕ್ಷೆಯ ಉಕ್ತಲೇಖನದಲ್ಲಿ ಐದು ತಪ್ಪು ಮಾಡಿದ ಮಗುವಿಗೆ ಸೊನ್ನೆ. ಅಲ್ಲಿಗೆ ಪರೀಕ್ಷೆಯೇ ಹೋಯಿತು. ಮನೆಯಲ್ಲಿ ಒಂದು ದಿನವೂ ಫ್ರೆಂಚ್ ಕೇಳದ ಮಗುವಿಗೂ ಇದೇ ಅಳತೆ.

ಇದಕ್ಕಿಂತ ಕಠೋರವಾದುದು ಬ್ರಿಟನಿಯ ಶಾಲೆಗಳಲ್ಲಿದ್ದ 'ಸ್ಯಾಂಬೋಲ್' ಎಂಬ ರೂಢಿ. ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ತುಂಡನ್ನೋ ಹಳೆಯ ಮರದ ಪಾದುಕೆಯನ್ನೋ ಕಟ್ಟುತ್ತಿದ್ದರು. ಕಳಚಿಕೊಳ್ಳಲು ದಾರಿ ಒಂದೇ: ಬ್ರೆಟನ್ ಆಡಿದ ಇನ್ನೊಬ್ಬನನ್ನು ಹಿಡಿದು ಕೊಡುವುದು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಶಿಕ್ಷೆ. ಕಾನೂನಿನಲ್ಲಿ ಇದನ್ನು ಬರೆದಿರಲಿಲ್ಲ. ಇದನ್ನು ನಡೆಸಿದ ಮೇಷ್ಟರುಗಳಲ್ಲಿ ಎಷ್ಟೋ ಮಂದಿಗೆ ಬ್ರೆಟನ್ನೇ ತಾಯ್ನುಡಿ. 1914ರಲ್ಲಿ ಹುಟ್ಟಿದ ಪಿಯೇರ್ ಜಾಕೆಜ್ ಎಲಿಯಾಸ್ ಎಂಬ ಲೇಖಕನು 1975ರಲ್ಲಿ ಪ್ರಕಟವಾದ ತನ್ನ ಬಾಲ್ಯದ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾನೆ.

ಅದೇ ಕಾಲದ ಒಂದು ಪಠ್ಯಪುಸ್ತಕದ ಮಾತನ್ನೂ ಹೇಳಬೇಕು. 1877ರಲ್ಲಿ 'ಇಬ್ಬರು ಮಕ್ಕಳ ಫ್ರಾನ್ಸ್ ಪ್ರವಾಸ' ಎಂಬ ಅರ್ಥದ ಹೆಸರಿನಲ್ಲಿ ಬಂದ ಪುಸ್ತಕವದು. ಬರೆದಾಕೆ ಓಗಸ್ಟೀನ್ ಫೂಯೇ. ಪುಸ್ತಕದ ಮೇಲಿದ್ದದ್ದು ಜಿ. ಬ್ರೂನೊ ಎಂಬ ಗಂಡು ಹೆಸರು. ತಬ್ಬಲಿಗಳಾದ ಅಣ್ಣತಮ್ಮಂದಿರು ದೇಶ ಸುತ್ತುತ್ತಾ ಊರೂರಿನ ಕಸುಬು, ಬೆಳೆ, ಮಹನೀಯರ ಕಥೆ ಕಲಿಯುತ್ತಾರೆ. ಇಂದಿನ ಫ್ರೆಂಚ್ ಪಾಠಗಳ ಅಜ್ಜಿ ಎನ್ನಬಹುದಾದ ಈ ಪುಸ್ತಕ 1901ರ ವೇಳೆಗೆ 60 ಲಕ್ಷ ಪ್ರತಿಗಳನ್ನು ಕಂಡಿತ್ತು. ದಕ್ಷಿಣದ ಒಂದು ಊರಿನಲ್ಲಿ ಸುತ್ತಲಿನವರ ಮಾತು ತಿಳಿಯದೆ ಮಕ್ಕಳು ಪೆಚ್ಚಾಗುತ್ತಾರೆ. ಅಷ್ಟರಲ್ಲಿ ಶಾಲೆಯಿಂದ ಬಂದ ಮಕ್ಕಳು ಫ್ರೆಂಚಿನಲ್ಲಿ ಮಾತಾಡಲು ಇವರಿಗೆ ಜೀವ ಬಂದಂತಾಗುತ್ತದೆ. ಆ ಊರಿನ ಮಾತನ್ನು ಈ ಮಕ್ಕಳು ನಾಲ್ಕು ಪದವಾದರೂ ಕಲಿಯಬಹುದಿತ್ತಲ್ಲ ಎಂದು ಲೇಖಕಿಗೆ ತೋಚಲಿಲ್ಲ. ಅದೇ ದಕ್ಷಿಣದ ನುಡಿಯಲ್ಲಿ ಬರೆದ ಮಿಸ್ತ್ರಾಲ್ ಕವಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ಸಾವಿನಿಯನ್ ಎಂಬ ಕ್ರೈಸ್ತ ಸಂನ್ಯಾಸಿ ಶಿಕ್ಷಕನು 1870ರ ದಶಕದಲ್ಲೇ ಪ್ರೊವೆನ್ಸ್ ಪ್ರಾಂತದ ಮಕ್ಕಳಿಗಾಗಿ ಅವರದೇ ನುಡಿಯ ಗದ್ಯಭಾಗಗಳನ್ನು ಕೊಟ್ಟು ಫ್ರೆಂಚಿಗೆ ಅನುವಾದಿಸುವ ಪಾಠಗಳನ್ನು ಸಿದ್ಧಪಡಿಸಿದ್ದನು. ತಾಯ್ನುಡಿಯೇ ಏಣಿ. ಸರಕಾರ ಮಾತ್ರ ಆ ಕಡೆ ತಿರುಗಿ ನೋಡಲಿಲ್ಲ.

ಕೊನೆಗೆ ಬ್ರೆಟನ್ನಿಗೆ ಬಿದ್ದ ದೊಡ್ಡ ಪೆಟ್ಟು ಶಾಲೆಯದಲ್ಲ, ಮನೆಯದು. ಎರಡನೆಯ ಮಹಾಯುದ್ಧದ ನಂತರ ತಂದೆತಾಯಿಗಳೇ ಮಕ್ಕಳೊಡನೆ ಫ್ರೆಂಚ್ ಮಾತ್ರ ಆಡತೊಡಗಿದರು. ತಾವು ಪಟ್ಟ ಅವಮಾನ ಮಕ್ಕಳಿಗೆ ಬೇಡ, ರೈಲ್ವೆಯಲ್ಲೋ ಅಂಚೆಯಲ್ಲೋ ಕೆಲಸ ಸಿಗಲಿ ಎಂಬುದು ಅವರ ಲೆಕ್ಕ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮುಂಬಯಿಯ ಚಾಳುಗಳಲ್ಲಿ ನಮ್ಮವರು ಹಾಕಿದ ಲೆಕ್ಕವೂ ಅದಕ್ಕಿಂತ ಬಹಳ ಬೇರೆಯದಾಗಿರಲಿಲ್ಲ. ಅಜ್ಜಿಯ ಮಾತು ಮೊಮ್ಮಗನಿಗೆ ತಿಳಿಯದಂತಾಯಿತು. ಈಗ ಯುನೆಸ್ಕೊ ಬ್ರೆಟನ್ನನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ.

ಆ ಮೇಲೆ ಎಚ್ಚರವಾಯಿತು. 1951ರ ಕಾನೂನು ಬ್ರೆಟನ್, ಬಾಸ್ಕ್, ಕ್ಯಾಟಲನ್, ಆಕ್ಸಿಟನ್‌ಗಳನ್ನು ಐಚ್ಛಿಕವಾಗಿ ಕಲಿಸಲು ಅನುಮತಿ ನೀಡಿತು. 1977ರಲ್ಲಿ 'ದಿವಾನ್' ಶಾಲೆ ತೆರೆಯಿತು. ಬ್ರೆಟನ್ನಿನಲ್ಲಿ ಆ ಪದಕ್ಕೆ ಮೊಳಕೆ ಎಂದರ್ಥ. ಅಲ್ಲಿ ಪುಟ್ಟ ಮಕ್ಕಳಿಗೆ ಮೊದಲು ಬ್ರೆಟನ್, ಅನಂತರ ಫ್ರೆಂಚ್. ಇಂಥ ಬೋಧನಾಕ್ರಮವನ್ನು ಬೆಂಬಲಿಸುವ ಮಸೂದೆಯೊಂದು ಸಂಸತ್ತಿನಲ್ಲಿ ಅಂಗೀಕಾರವಾದರೂ 2021ರ ಮೇ ತಿಂಗಳಲ್ಲಿ ಫ್ರಾನ್ಸಿನ ಸಂವಿಧಾನ ಮಂಡಲಿ ಆ ಭಾಗವನ್ನು ತಳ್ಳಿಹಾಕಿತು. ಅದೇ ತಿಂಗಳು ಸಾವಿರಾರು ಜನ ಬೀದಿಗಿಳಿದರು.

ಸಾವಿನಿಯನ್ನನ ಏಣಿ ನಮ್ಮ ಮನೆಯಲ್ಲೂ ಇದೆ. ಫ್ರೆಂಚಿನಲ್ಲಿ 'ತು' ಎಂದರೆ ನೀನು, 'ವೂ' ಎಂದರೆ ನೀವು. ಮೇಷ್ಟರನ್ನು 'ತು' ಎನ್ನಬಾರದೆಂದು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ತಾಸು ಬೇಕು. ಕನ್ನಡದ ಮಗುವಿಗೆ ಒಂದು ನಿಮಿಷ ಸಾಕು. ಫ್ರೆಂಚರ ತಕಾರ ದಕಾರಗಳು ಇಂಗ್ಲಿಷಿನಂತಲ್ಲ, ನಮ್ಮ ತ, ದಗಳಂತೆ ಹಲ್ಲಿಗೆ ತಾಗಿ ಬರುತ್ತವೆ. ಪ, ಕಗಳಲ್ಲಿಯೂ ಮಹಾಪ್ರಾಣದ ಉಸಿರಿಲ್ಲ. ಲಿಂಗದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ನಮಗೆ ಮೇಜೂ ಪುಸ್ತಕವೂ 'ಅದು'; ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಅದಕ್ಕೆ ಮಗು ತನ್ನ ಹಿಂದಿಯ ಅಭ್ಯಾಸವನ್ನು ನೆನೆದುಕೊಳ್ಳಬೇಕು. ಅಲ್ಲಿಯೂ ಮೇಜು ಹೆಣ್ಣೇ, ಪುಸ್ತಕ ಮಾತ್ರ 'ಕಿತಾಬ್' ಆದೊಡನೆ ಹೆಣ್ಣಾಗಿಬಿಡುತ್ತದೆ.