ರಾಗಿಹೊಲದಿಂದ ಮಾತ್ರೆಯವರೆಗೆ

ಕೋಲಾರ ಜಿಲ್ಲೆಯಿಂದ 2007ರಲ್ಲಿ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಅದರಲ್ಲೂ ಗೌರಿಬಿದನೂರು, ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಬಯಲುಗಳಲ್ಲಿ, ಬಹುಕಾಲ ಜನರ ಮೂಳೆಗೆ ಬಲ ಕೊಟ್ಟದ್ದು ಹಾಲಿಗಿಂತ ಹೆಚ್ಚಾಗಿ ರಾಗಿ. ಮನುಷ್ಯನ ಶರೀರದಲ್ಲಿರುವ, ಸುಣ್ಣಾಂಶವೆಂದೂ ಕರೆಯಲಾಗುವ ಕ್ಯಾಲ್ಸಿಯಂ ಖನಿಜದ ಶೇ 99ರಷ್ಟು ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿರುತ್ತದೆ. ಉಳಿದ ಅಲ್ಪಾಂಶವೇ ಸ್ನಾಯುಗಳ ಚಲನೆ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ನರಗಳ ಕೆಲಸವನ್ನು ನಡೆಸುವುದರಿಂದ, ಊಟದಲ್ಲಿ ಅದು ಸಾಲದೆ ಬಂದಾಗ ಶರೀರವು ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಒದಗಿಸಿಕೊಳ್ಳುತ್ತದೆ.

ಆಫ್ರಿಕಾದ ಪೂರ್ವಭಾಗದ ಎತ್ತರದ ನೆಲಗಳಲ್ಲಿ ಹುಟ್ಟಿ ಭಾರತಕ್ಕೆ ಬಂದ ರಾಗಿಯು ಮಳೆಯನ್ನೇ ನಂಬಿದ ಈ ಕೆಂಪುಮಣ್ಣಿಗೆ ಚೆನ್ನಾಗಿ ಒಗ್ಗಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಒಣಬೇಸಾಯದ ಬೆಳೆಗಳ ಪೈಕಿ ರಾಗಿಗೇ ಅಗ್ರಸ್ಥಾನ ಕೊಟ್ಟಿದ್ದಾನೆ. ಸಾಲುಗಳ ನಡುವೆ ಅವರೆ, ತೊಗರಿ, ಸಾಸಿವೆಗಳನ್ನು ಅಕ್ಕಡಿಯಾಗಿ ಹಾಕುವುದು, ಒಕ್ಕಿದ ಕಾಳನ್ನು ಹಗೇವು ಎಂಬ ನೆಲದೊಳಗಿನ ಕಣಜಕ್ಕೆ ತುಂಬಿ ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಿಡುವುದು ಇಲ್ಲಿನ ಒಕ್ಕಲುತನದ ರೂಢಿಯಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಹಳೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕೇವಲ 10 ಮಿಲಿಗ್ರಾಂನಷ್ಟು ಇರುತ್ತದೆ.

ಈ ಅಂತರಕ್ಕೆ ಕಾಳಿನ ರಚನೆಯೂ ಒಂದು ಕಾರಣ. ರಾಗಿಯ ಕ್ಯಾಲ್ಸಿಯಂ ಬಹುಪಾಲು ಕಾಳಿನ ಕೆಂಪು ಸಿಪ್ಪೆಯಲ್ಲಿದೆ. ಕಾಳು ತೀರ ಚಿಕ್ಕದಾಗಿ, ಒಳತಿರುಳು ಮೆತ್ತಗಿರುವುದರಿಂದ ಅಕ್ಕಿಯಂತೆ ಅದನ್ನು ಪಾಲಿಶ್ ಮಾಡುವುದು ಸುಲಭವಲ್ಲ, ಆದ್ದರಿಂದ ಬೀಸಿದಾಗ ಸಿಪ್ಪೆಯೂ ಹಿಟ್ಟಿನೊಂದಿಗೇ ಮುದ್ದೆಗೆ ಸೇರುತ್ತದೆ. ಕೂಸಿಗೆ ಉಣಿಸುವ ರಾಗಿ ಸರಿಯ ಕತೆ ಸ್ವಲ್ಪ ಬೇರೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ಈ ವಿಧಾನದಲ್ಲಿ ಮೊಳಕೆಯು ಫೈಟೇಟ್ ಎಂಬ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಕರುಳಿನಲ್ಲಿ ರಕ್ತಕ್ಕೆ ಸೇರದಂತೆ ಹಿಡಿದಿಡುವ ಸಸ್ಯವಸ್ತುವನ್ನು, ತಗ್ಗಿಸುತ್ತದೆ. ಆದರೆ ಹಿಟ್ಟು ನುಣ್ಣಗಿರಲೆಂದು ಅದನ್ನು ತೆಳುಬಟ್ಟೆಯಲ್ಲಿ ಸೋಸಿದಾಗ ಸಿಪ್ಪೆಯ ತೌಡೂ ಅದರೊಡನೆ ಕ್ಯಾಲ್ಸಿಯಂನ ಒಂದು ಪಾಲೂ ಬಟ್ಟೆಯ ಮೇಲೆಯೇ ಉಳಿದುಬಿಡುತ್ತವೆ. ಅಜ್ಜಿಯರ ಜಾಣ್ಮೆಯನ್ನು ಕೊಂಡಾಡುವ ಬರಹಗಳು ಈ ಎರಡನೆಯ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತವೆ. ಬಾಣಂತಿಗೆ ಊಟದ ನಂತರ ಸುಣ್ಣ ಸವರಿದ ವೀಳ್ಯದೆಲೆ ಕೊಡುವ ವಾಡಿಕೆಯೂ ಕ್ಯಾಲ್ಸಿಯಂ ಸೇವನೆಯ ಒಂದು ಬಗೆಯೇ ಆಗಿತ್ತಾದರೂ, ಜೊತೆಗಿನ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿರುವುದರಿಂದ ಅದನ್ನು ಆರೋಗ್ಯದ ಹೆಸರಿನಲ್ಲಿ ಸಮರ್ಥಿಸಲಾಗದು.

ಊಟದ ತಟ್ಟೆ ಬದಲಾದದ್ದು ನೀರಿನೊಂದಿಗೆ. ನಂದಿಯ ಬೆಟ್ಟಸಾಲಿನಲ್ಲಿ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ಸೀಮೆ ಕೆರೆ ಬಾವಿಗಳನ್ನೇ ನೆಚ್ಚಿತ್ತು. ಕೆರೆಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ಚಿಂತಾಮಣಿಯಲ್ಲಿ ಟೊಮೆಟೊ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನಲ್ಲಿ ಮುಸುಕಿನಜೋಳ ಹಬ್ಬಿದವು, ನ್ಯಾಯಬೆಲೆ ಅಂಗಡಿಯ ಅಕ್ಕಿ ಮನೆಮನೆಗೆ ಬಂತು, ರಾಗಿ ಹಿಂದೆ ಸರಿಯಿತು. ಕೊಳವೆಬಾವಿಗಳು ಎಷ್ಟೋ ಕಡೆ 1,000 ಅಡಿಗೂ ಆಳಕ್ಕೆ ಇಳಿದಂತೆ, ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನಿಂತಿದ್ದ ನೀರಿನೊಂದಿಗೆ ಫ್ಲೋರೈಡ್ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟಿ, ಬೆನ್ನು ಮತ್ತು ಕೀಲುಗಳು ಬಿಗಿಯುವ ಫ್ಲೋರೋಸಿಸ್ ಎಂಬ ವ್ಯಾಧಿ ಬರುತ್ತದೆ. ಭಾರತದಲ್ಲಿ ಇದು 1937ರಲ್ಲಿ ಮೊದಲು ವರದಿಯಾದದ್ದು ನೆಲ್ಲೂರು ಜಿಲ್ಲೆಯಿಂದ.  ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಕಟ್ಟಿಹಾಕಿ ಅದರಲ್ಲೊಂದು ಪಾಲನ್ನು ಮಲದೊಂದಿಗೆ ಹೊರಹಾಕುವುದರಿಂದ, ಕ್ಯಾಲ್ಸಿಯಂ ಕಡಿಮೆಯಿರುವ ಊಟ ಮಾಡುವವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಈ ವ್ಯಾಧಿ ಹೆಚ್ಚು ಕಾಡುತ್ತದೆ. ಕ್ಯಾಲ್ಸಿಯಂ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ತಟ್ಟೆಯಿಂದ ಸರಿದುಹೋಯಿತು.

ಹೀಗೆ ಹೋದ ಕ್ಯಾಲ್ಸಿಯಂ ಮರಳಿ ಬಂದದ್ದು ಸರ್ಕಾರದ ಮೂಲಕ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಗರ್ಭಿಣಿಗೆ 14ನೆಯ ವಾರದಿಂದ ಮೊದಲ್ಗೊಂಡು ಹೆರಿಗೆಯ ನಂತರ ಆರು ತಿಂಗಳವರೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆಗಳನ್ನು ಕೊಡಬೇಕು. ಪ್ರತಿ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕ್ಯಾಲ್ಸಿಯಂ ಕಡಿಮೆ ಉಣ್ಣುವ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಪೂರ್ವನಂಜು (ಪ್ರಿಎಕ್ಲಾಂಪ್ಸಿಯಾ) ಎಂಬ ಸ್ಥಿತಿಯನ್ನು ತಗ್ಗಿಸುವುದು ಇದರ ಮುಖ್ಯ ಉದ್ದೇಶ. ಮಾತ್ರೆಯನ್ನು ಊಟದೊಂದಿಗೆ ನುಂಗಬೇಕು, ಕಬ್ಬಿಣಾಂಶದ ಮಾತ್ರೆಯೊಂದಿಗೆ ನುಂಗಬಾರದು, ಏಕೆಂದರೆ ಕ್ಯಾಲ್ಸಿಯಂ ಕಬ್ಬಿಣದ ಹೀರುವಿಕೆಗೆ ಅಡ್ಡ ಬರುತ್ತದೆ. ಬೆಂಗಳೂರು ಮತ್ತು ತಾಂಜಾನಿಯಾದಲ್ಲಿ ತಲಾ 11,000 ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವು, ಪೂರ್ವನಂಜನ್ನು ತಡೆಯುವಲ್ಲಿ ದಿನಕ್ಕೆ 500 ಮಿಲಿಗ್ರಾಂನ ಪ್ರಮಾಣವು 1,500 ಮಿಲಿಗ್ರಾಂಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ಹೆಚ್ಚು ನುಂಗಿದಷ್ಟೂ ಒಳ್ಳೆಯದೆಂಬ ಔಷಧ ಮಾರಾಟದ ತರ್ಕ ಇಲ್ಲಿ ನಿಲ್ಲುವುದಿಲ್ಲ. ಮಾತ್ರೆ ಅತಿಯಾದರೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಸಂಭವವೂ ಇದೆ.

ರಾಗಿಯೂ ಹಿಂದಿರುಗಿದೆ, ಆದರೆ ಹುಡಿಯ ರೂಪದಲ್ಲಿ. ಶಾಲಾಮಕ್ಕಳಿಗೆ ಹಾಲು ಕೊಡುವ 2013ರ ಕ್ಷೀರಭಾಗ್ಯ ಯೋಜನೆಗೆ, ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ನೆಲೆಯಿರುವ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ನೆರವಿನಿಂದ, 2024ರ ಫೆಬ್ರವರಿಯಲ್ಲಿ ರಾಗಿ ಮಾಲ್ಟ್ ಸೇರಿತು. ಮೊದಲಿಗೆ ಅದನ್ನು ವಾರಕ್ಕೆ ಮೂರು ದಿನ ಬೆಳಗಿನ ಹಾಲಿನಲ್ಲಿ ಕದಡಿ ಕೊಡಲಾಯಿತು.